ಸದಲಗಾದ ಹುಡುಗ, ಬುಂದೇಲಖಂಡದ ಛೋಟೇ ಬಾಬಾ

ಕರ್ನಾಟಕದಲ್ಲಿ ಜೈನಧರ್ಮ ಎಂದೊಡನೆ ಜನಕ್ಕೆ ನೆನಪಾಗುವುದು ಗೊಮ್ಮಟ, ಬಸದಿ, ಪಂಪ-ರನ್ನ. ಎಲ್ಲವೂ ಸಾವಿರ ವರ್ಷದ ಹಿಂದಿನದು. ನಾನಿರುವ ಮಧ್ಯಪ್ರದೇಶದ ಜಬಲ್‌ಪುರದಲ್ಲಿ ಅದು ಇವತ್ತಿನ ಸುದ್ದಿ. ಮಹಾರಾಜರ, ಅಂದರೆ ದಿಗಂಬರ ಮುನಿಗಳ, ಕಾಲ್ನಡಿಗೆಯ ವಿಹಾರ ಯಾವ ಕಡೆಗೆ, ಮಳೆಗಾಲ ಒಂದೇ ಕಡೆ ನಿಲ್ಲುವ ಚಾತುರ್ಮಾಸ ಯಾವ ಊರಿಗೆ ಒಲಿಯಿತು, ಯಾರ ಚೌಕಾದಲ್ಲಿ (ಮಡಿ ಅಡುಗೆಮನೆಯಲ್ಲಿ) ಅವರ ಆಹಾರವಾಯಿತು ಎಂಬುದು ಬೆಳಗಿನ ಚಹಾದ ಜೊತೆ ನಡೆಯುವ ಮಾತು.

ಆ ಮಾತಿನ ನಡುವೆ ದಶಕಗಟ್ಟಲೆ ಇದ್ದವರು ನಮ್ಮ ಬೆಳಗಾವಿ ಸೀಮೆಯವರು. 1946ರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿದ ವಿದ್ಯಾಧರ ಅಷ್ಟಗೆ 1968ರಲ್ಲಿ ಅಜ್ಮೇರದಲ್ಲಿ ಜ್ಞಾನಸಾಗರ ಮುನಿಗಳಿಂದ ದೀಕ್ಷೆ ಪಡೆದು ವಿದ್ಯಾಸಾಗರರಾದರು. 1972ರಲ್ಲಿ ಗುರುಗಳು ಮುನಿಸಂಘದ ಮುಖ್ಯಸ್ಥರ ಸ್ಥಾನವಾದ ಆಚಾರ್ಯ ಪದವಿಯನ್ನು ಶಿಷ್ಯನಿಗೆ ಒಪ್ಪಿಸಿ, ಆ ಶಿಷ್ಯನ ನಿರ್ದೇಶನದಲ್ಲೇ ಸಲ್ಲೇಖನ, ಅಂದರೆ ಆಹಾರ ಬಿಡುತ್ತಾ ದೇಹ ತೊರೆಯುವ ವ್ರತ, ಕೈಗೊಂಡರು. ಪೀಠ ಹಿಡಿದವರು ಬಿಡದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಅಪ್ಪ, ಅವ್ವ, ತಮ್ಮಂದಿರು, ತಂಗಿಯರು ಕೂಡ ಮನೆ ಬಿಟ್ಟು ಅದೇ ದಾರಿ ಹಿಡಿದರು. ಬುಂದೇಲಖಂಡದ ತೀರ್ಥಕ್ಷೇತ್ರ ಕುಂಡಲಪುರದ ಆದಿನಾಥ ತೀರ್ಥಂಕರ ಇಲ್ಲಿಯವರಿಗೆ ‘ಬಡೇ ಬಾಬಾ’, ದೊಡ್ಡ ಬಾಬಾ. ಉಪ್ಪು, ಸಕ್ಕರೆ ತೊರೆದು ದಿನಕ್ಕೊಮ್ಮೆ ನಿಂತು ಬೊಗಸೆಯಲ್ಲಿ ಉಣ್ಣುತ್ತಿದ್ದ ನಮ್ಮ ಸದಲಗಾದವರು ‘ಛೋಟೇ ಬಾಬಾ’, ಚಿಕ್ಕ ಬಾಬಾ!

ಪೂಜೆಯ ರೀತಿಗೆ ಒಗ್ಗಿಕೊಳ್ಳಲು ನನಗೆ ಕಷ್ಟವಾಯಿತು. ಊರಲ್ಲಿ ಬಸದಿಯ ಪೂಜಾರಿಗಳಾದ ಉಪಾಧ್ಯೆಯವರು ಹಾಲು, ಅರಿಶಿನ, ಗಂಧದ ಅಭಿಷೇಕ ಮಾಡುತ್ತಾರೆ, ನಾವು ಕೈಮುಗಿದು ನೋಡುತ್ತೇವೆ. ಇಲ್ಲಿನ ತೇರಾಪಂಥಿ (ದಿಗಂಬರರದೇ ಒಂದು ಪಂಥ) ಮಂದಿರಗಳಲ್ಲಿ ಅಭಿಷೇಕಕ್ಕೆ ಬರೀ ನೀರು. ಹೂವಿಲ್ಲ, ಅದರ ಬದಲು ಕೇಸರಿ ಹಚ್ಚಿದ ಅಕ್ಕಿ. ನನ್ನ ಕಣ್ಣಿಗೆ ಈಗಲೂ ಸಪ್ಪೆಯೇ. ಆದರೆ ಪೂಜಾರಿಯಿಲ್ಲ! ಬಟ್ಟೆ ಅಂಗಡಿಯವನೂ ಕಾಲೇಜು ಹುಡುಗನೂ ಧೋತಿ ಉಟ್ಟು ತಾವೇ ಪೂಜೆ ಮಾಡುತ್ತಾರೆ, ಬಾಯಿಪಾಠ. ಈ ವಿಷಯದಲ್ಲಿ ನಾವು ಹಿಂದೆಯೇ ಅನ್ನುತ್ತೇನೆ. ಊರಿನ ಹಿರಿಯರು ಬೈದರೂ ಸರಿ.

ಇವರ ಭಕ್ತಿಯೆಲ್ಲ ಹಿಡಿಸುತ್ತದೆ ಎಂದಲ್ಲ. ನವಿಲುಗರಿಯ ಪಿಂಛಿ, ನೀರಿನ ಕಮಂಡಲು ಬಿಟ್ಟರೆ ಏನೂ ಇಲ್ಲದ ಮುನಿಗೆ ರಸ್ತೆಯುದ್ದಕ್ಕೂ ಫ್ಲೆಕ್ಸು, ಅದರಲ್ಲಿ ಮುನಿಗಿಂತ ದೊಡ್ಡ ಪುಢಾರಿ! ಆಚಾರ್ಯರು ಒತ್ತಾಸೆಯಾಗಿ ನಿಂತ ಕೈಮಗ್ಗದ ಬಟ್ಟೆ ಉಡುವವರು ಆ ಗದ್ದಲದಲ್ಲಿ ಕಡಿಮೆ. ಊರಿನ ಬಸದಿಯ ನಿಶ್ಶಬ್ದ ಆಗ ನೆನಪಾಗುತ್ತದೆ.

2024ರ ಫೆಬ್ರವರಿ 18ರಂದು ಛತ್ತೀಸ್‌ಗಢದ ಡೊಂಗರ್‌ಗಢದ ಚಂದ್ರಗಿರಿಯಲ್ಲಿ ವಿದ್ಯಾಸಾಗರರು ಸಮಾಧಿ ಹೊಂದಿ ದೇಹ ಬಿಟ್ಟಾಗ ಇಲ್ಲಿನ ಸರ್ಕಾರ ಅರ್ಧ ದಿನ ಶೋಕ ಆಚರಿಸಿತು. ಏಪ್ರಿಲ್‌ನಲ್ಲಿ ಕುಂಡಲಪುರದಲ್ಲಿ ಆಚಾರ್ಯರಾದ ಸಮಯಸಾಗರರು ಅವರ ಸ್ವಂತ ತಮ್ಮ, ಸದಲಗಾದವರೇ. ಬೆಂಗಳೂರಿನ ನನ್ನ ಗೆಳೆಯರಿಗೆ ಎರಡೂ ಹೆಸರು ಗೊತ್ತಿರಲಿಲ್ಲ. ಇಲ್ಲಿನ ಕಿರಾಣಿ ಅಂಗಡಿಯವರು ಮಾತ್ರ ನನ್ನನ್ನು ನಿಲ್ಲಿಸಿ ಪೇಢೆ ಕೊಟ್ಟು ಅಭಿನಂದಿಸಿದರು, ನಾನೇನೋ ಅವರ ಸೋದರಮಾವ ಎಂಬಂತೆ.