ಏಳು ತಿಂಗಳು ತಡವಾಗಿ ಹೋದೆವು

ಅಪ್ಪನಿಗೆ ಸ್ಟ್ರೋಕ್ ಆಗಿ ಏಳು ತಿಂಗಳಾದ ಮೇಲೆ ಮೊದಲ ಸಲ ಪಿಎಂಆರ್ ಡಾಕ್ಟರ್ ಹತ್ತಿರ ಹೋದೆವು. ಪಿಎಂಆರ್ ಅಂದರೆ ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್, ಕಾಯಿಲೆ ಅಥವಾ ಪೆಟ್ಟಿನ ಮೇಲೆ ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತೆ ಚಿಕಿತ್ಸೆ ಕೊಡುವ ವಿಭಾಗ. ಅಂಥವರೊಬ್ಬರು ಇರುತ್ತಾರೆ ಅನ್ನೋದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ "ಫಿಸಿಯೋಥೆರಪಿ ಮಾಡಿಸಿ, ತಾಳ್ಮೆ ಇರಲಿ" ಎಂದಿದ್ದರು. ತಾಳ್ಮೆಯಿಂದಲೇ ಕಾದೆವು. ಅಷ್ಟರಲ್ಲಿ ಅಪ್ಪನ ಎಡಗೈ ಮುಷ್ಟಿ ಕಟ್ಟಿಬಿಟ್ಟಿತ್ತು. ಉಗುರು ಕತ್ತರಿಸಲು ಇಬ್ಬರು ಬೇಕಾಗುತ್ತಿತ್ತು.

ಡಾಕ್ಟರ್ ಮೊದಲು ಕೈ ಮುಟ್ಟಲಿಲ್ಲ. "ಯಾವ ಕೆಲಸ ನೀವೇ ಮಾಡ್ಕೊಳ್ಳೋ ಹಾಗೆ ಆಗಬೇಕು, ಹೇಳಿ" ಎಂದು ಅಪ್ಪನನ್ನೇ ಕೇಳಿದರು. "ಬಾತ್‌ರೂಮಿಗೆ ಒಬ್ಬನೇ ಹೋಗಬೇಕು" ಎಂದರು ಅಪ್ಪ. ಏಳು ತಿಂಗಳಲ್ಲಿ ನಾವ್ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ.

ಆಮೇಲೆ ಬೆರಳುಗಳನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಬೇಗ ಬಿಡಿಸಿ ನೋಡಿದರು. ಬೇಗ ಎಳೆದಾಗ ಮಾತ್ರ ಹಿಡಿದುಕೊಂಡರೆ ಅದು ಮೆದುಳಿನ ಪೆಟ್ಟಿನಿಂದ ಬಂದ ಬಿಗಿ. ಅದಕ್ಕೆ ಮಾತ್ರೆ ಇದೆ, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ ಇದೆ. ನಿಧಾನವಾಗಿ ಎಳೆದರೂ ಬಿಡದಿದ್ದರೆ ಸ್ನಾಯುವೇ ಕುಗ್ಗಿಹೋಗಿದೆ ಎಂದರ್ಥ. ಆಗ ಇಂಜೆಕ್ಷನ್‌ನಿಂದ ಜಾಸ್ತಿ ಉಪಯೋಗವಿಲ್ಲ. ಅಪ್ಪನ ಕೈಯಲ್ಲಿ ಎರಡೂ ಇದ್ದವು. ಭುಜದ ನೋವಿಗೂ ಕಾರಣ ಸಿಕ್ಕಿತು. ಸೋತ ಕೈ ಹಿಡಿದು ಎಳೆದೇ ನಾವು ಅವರನ್ನು ಮಂಚದಿಂದ ಎಬ್ಬಿಸುತ್ತಿದ್ದೆವು. ಹಾಗೆ ಎಳೆದರೆ ಭುಜದ ಕೀಲಿಗೆ ಪೆಟ್ಟು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಸ್ಟ್ರೋಕ್ ಆದ ಮೇಲೆ ಚೇತರಿಕೆ ಅತಿ ವೇಗವಾಗಿ ಆಗೋದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಆಗುತ್ತದೆ, ಆದರೆ ನಿಧಾನ. ಅದಕ್ಕೇ ಡಿಸ್ಚಾರ್ಜ್ ಆಗೋ ಮೊದಲೇ "ಪಿಎಂಆರ್ ಡಾಕ್ಟರಿಗೆ ತೋರಿಸಬೇಕಾ?" ಎಂದು ಕೇಳಿ. ಬೆನ್ನುಹುರಿಗೆ, ತಲೆಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು, ವಾರಗಟ್ಟಲೆ ಐಸಿಯುನಲ್ಲಿ ಮಲಗಿ ಎದ್ದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಇವರೆಲ್ಲರ ಮನೆಯವರೂ ಕೇಳಬೇಕಾದ ಪ್ರಶ್ನೆ ಇದು.

ಫಿಸಿಯೋಥೆರಪಿಸ್ಟ್ ಇದ್ದಾರಲ್ಲ, ಇವರೇಕೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ವ್ಯಾಯಾಮ ಮಾಡಿಸುವವರು ಫಿಸಿಯೋ ಅವರೇ, ಅವರಿಲ್ಲದೆ ಏನೂ ಆಗದು. ಆದರೆ ವ್ಯಾಯಾಮ ಎಲ್ಲೋ ನಿಂತುಹೋದರೆ ಯಾಕೆ ನಿಂತಿತು ಅಂತ ಹುಡುಕಿ ಔಷಧಿ ಕೊಡುವುದು ಈ ಡಾಕ್ಟರ್ ಕೆಲಸ. ನೋವಿರಬಹುದು, ಬಿಗಿಯಿರಬಹುದು, ಮನಸ್ಸು ಕುಗ್ಗಿರಬಹುದು. ಮೂತ್ರದ ತೊಂದರೆ, ಕೈಕಾಲಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್, ಗಾಲಿಕುರ್ಚಿಯ ಅಳತೆ ಕೂಡ ಅವರೇ ನೋಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬದುಕಿ ಬಂದ ಸೈನಿಕರಿಂದಾಗಿ ಈ ವಿಭಾಗ ಬೆಳೆಯಿತು. ಅಮೆರಿಕದಲ್ಲಿ 1947ರಲ್ಲೇ ಇದಕ್ಕೆ ಪ್ರತ್ಯೇಕ ಮಂಡಳಿ ಆಯಿತು. ಇಷ್ಟು ಹಳೆಯ ವಿಭಾಗದ ಹೆಸರೇ ನಮ್ಮ ಕಿವಿಗೆ ಬಿದ್ದಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ನೋವು.

ದೊಡ್ಡ ಕಾಯಿಲೆಯೇ ಆಗಬೇಕಿಲ್ಲ. ಬೆನ್ನುನೋವು, ಭುಜದ ನೋವು ವಾರಗಟ್ಟಲೆ ಎಳೆದು, ಅಂಗಿ ಗುಂಡಿ ಹಾಕೋದು, ಮೆಟ್ಟಿಲು ಹತ್ತೋದು, ಮಗ್ಗುಲು ಬದಲಿಸೋದು ಕಷ್ಟವಾಗುತ್ತಿದ್ದರೂ ಹೋಗಬಹುದು. ಆದರೆ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತೊಡೆಸಂದು ಜೋಮು ಹಿಡಿದರೆ, ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಆ ಕ್ಷಣವೇ ಎಮರ್ಜೆನ್ಸಿಗೆ ಓಡಿ.

ಅಪ್ಪ ಈಗ ಕೋಲು ಹಿಡಿದು ಬಾತ್‌ರೂಮಿಗೆ ತಾವೇ ಹೋಗುತ್ತಾರೆ. ಉಗುರು ಕತ್ತರಿಸಲು ನಾನೊಬ್ಬಳೇ ಸಾಕು. ಎರಡು ಬೆರಳು ಮಾತ್ರ ಇನ್ನೂ ಮಡಚಿಕೊಂಡೇ ಇವೆ.