ಎರಡು ಹಿತ್ತಿಲು, ಎರಡು ಶೆಡ್ಡು

ಹೋದ ವರ್ಷ ನಾವು ಅಣ್ಣತಮ್ಮಂದಿರಿಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮನೆಯ ಹಿತ್ತಿಲಿನಲ್ಲಿ ಒಂದೊಂದು ಶೆಡ್ಡು ಕಟ್ಟಿದೆವು. ನನ್ನದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಒಂದು ಸಣ್ಣ ಊರಿನಲ್ಲಿ, ರಜೆಯ ದಿನಗಳಲ್ಲಿ ಮರಗೆಲಸ ಮಾಡಿಕೊಳ್ಳಲೆಂದು 12 ಅಡಿ ಅಗಲ, 16 ಅಡಿ ಉದ್ದದ ಕೊಠಡಿ. ತಮ್ಮನದು ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆಯ ಹಿಂದೆ, ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಮಾಡುವ ಅವನ ಕಸುಬಿಗಾಗಿ 10 ಅಡಿ ಅಗಲ, 12 ಅಡಿ ಉದ್ದದ ತಗಡಿನ ಶೆಡ್ಡು. ಅವನದು ಹನ್ನೊಂದು ದಿನಗಳಲ್ಲಿ ಮುಗಿಯಿತು. ನನ್ನದಕ್ಕೆ ಐದು ತಿಂಗಳು ಹಿಡಿಯಿತು, ಮತ್ತು ಅದರಲ್ಲಿ ಮೊದಲ ಎರಡು ತಿಂಗಳು ನಾನು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. “ಅಣ್ಣಾ, ನೀನಿನ್ನೂ ಅರ್ಜಿ ಬರ್ಕಂತಾ ಕುಂತೀಯಲ್ಲ, ನಂದು ಶೀಟು ಹಾಕಿ ಆತು” ಎಂದು ಅವನು ಫೋನಿನಲ್ಲಿ ನಕ್ಕಾಗ ನನಗೂ ನಗು ಬಂದಿತ್ತು.

ಹೊರದೇಶದಲ್ಲಿರುವ ನಮ್ಮಂಥವರಿಗೆ ಇಂಥ ಮಾತು ಬಂದ ಕೂಡಲೇ ಅಲ್ಲಿನ ಶಿಸ್ತನ್ನು ಹೊಗಳಿ ಊರಿನವರನ್ನು ತೆಗಳುವ ಚಾಳಿಯಿದೆ. ಆ ಸಾಲಿನಲ್ಲಿ ನಾನೂ ಇದ್ದೆ. ಎರಡೂ ಕಡೆಯ ಕಾನೂನನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಆ ಚಾಳಿ ಬಿಟ್ಟುಹೋಯಿತು. ಏಕೆಂದರೆ ಕಾಗದದ ಮೇಲೆ ನೋಡಿದರೆ ಹೆಚ್ಚು ಬಿಗಿಯಾಗಿರುವುದು ದಾವಣಗೆರೆಯ ನಿಯಮವೇ.

ಕ್ಯಾಲಿಫೋರ್ನಿಯಾದ ವಸತಿ ಕಟ್ಟಡ ಸಂಹಿತೆಯಲ್ಲಿ ಒಂದು ಸಾಲಿದೆ: ಸಾಮಾನು, ಸಲಕರಣೆ ಇಡುವಂಥ, ಮನೆಗೆ ತಾಗದೆ ಬೇರೆಯಾಗಿ ನಿಂತ, ಒಂದೇ ಅಂತಸ್ತಿನ ಶೆಡ್ಡಿನ ನೆಲ 120 ಚದರ ಅಡಿ ಮೀರದಿದ್ದರೆ ಅದಕ್ಕೆ ಕಟ್ಟಡ ಪರವಾನಗಿ ಬೇಕಿಲ್ಲ. ದೇಶದ ಬಹುತೇಕ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ಮಾದರಿ ಸಂಹಿತೆಯಲ್ಲಿ ಈ ಮಿತಿ 200 ಚದರ ಅಡಿ. ಕ್ಯಾಲಿಫೋರ್ನಿಯಾ ಅದನ್ನು ಇಳಿಸಿಕೊಂಡಿದೆ. ಪರವಾನಗಿ ಬೇಡ ಎಂದಮಾತ್ರಕ್ಕೆ ಎಲ್ಲಿ ಬೇಕಾದರಲ್ಲಿ ನಿಲ್ಲಿಸಬಹುದು ಎಂದಲ್ಲ. ಗಡಿಯಿಂದ ಎಷ್ಟು ದೂರ, ಎಷ್ಟು ಎತ್ತರ ಎಂಬ ವಲಯ ನಿಯಮಗಳು ಆಗಲೂ ಅನ್ವಯಿಸುತ್ತವೆ, ಮತ್ತು ಒಂದು ದೀಪದ ತಂತಿ ಎಳೆದರೂ ವಿದ್ಯುತ್ ಕೆಲಸಕ್ಕೆ ಬೇರೆ ಪರವಾನಗಿ ಬೇಕು. ನನ್ನ ಕೊಠಡಿ 192 ಚದರ ಅಡಿಯಾದ್ದರಿಂದ ನಾನು ಪೂರ್ತಿ ದಾರಿಯನ್ನೇ ನಡೆಯಬೇಕಾಯಿತು. ತಮ್ಮನ ಶೆಡ್ಡು ಸರಿಯಾಗಿ 120. ಅದೇ ಶೆಡ್ಡನ್ನು ಅವನು ನನ್ನ ಹಿತ್ತಿಲಿನಲ್ಲಿ ಎಬ್ಬಿಸಿದ್ದರೆ ಗೋಡೆ, ಮಾಡುಗಳ ಮಟ್ಟಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ದಾವಣಗೆರೆಯಲ್ಲಿ ಕೇಳಬೇಕಾಗಿತ್ತು. ಕರ್ನಾಟಕ ಪೌರ ನಿಗಮಗಳ 1976ರ ಕಾಯಿದೆಯ ವ್ಯಾಖ್ಯೆಯಲ್ಲಿ ‘ಕಟ್ಟಡ’ ಎಂಬ ಪದದೊಳಗೆ ಮನೆಯ ಜೊತೆಗೆ ಕೊಟ್ಟಿಗೆ, ಶೆಡ್ಡು, ಗುಡಿಸಲು ಎಲ್ಲವೂ ಸೇರುತ್ತವೆ; ಕಲ್ಲಿನದೋ ತಗಡಿನದೋ ಎಂಬ ಭೇದವೂ ಇಲ್ಲ. ಮಹಾನಗರ ಪಾಲಿಕೆಯ ಮಂಜೂರಾತಿ ಇಲ್ಲದೆ ಕಟ್ಟಡ ಎಬ್ಬಿಸುವಂತಿಲ್ಲ, ಅದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮಗಳಿವೆ. ನಕ್ಷೆಗೆ ಪರವಾನಗಿ ಪಡೆದ ಎಂಜಿನಿಯರ ಸಹಿ, ಖಾತೆಯ ನಕಲು, ಕಂದಾಯ ಕಟ್ಟಿದ ರಸೀದಿ ಬೇಕು. ಮೂರು ಅಂತಸ್ತಿನ ಮನೆಗೂ ನಾಲ್ಕು ಕಬ್ಬಿಣದ ಕಂಬದ ಮೇಲೆ ಹೊದಿಸಿದ ಎಂಟು ಶೀಟಿಗೂ ದಾರಿ ಹೆಚ್ಚುಕಡಿಮೆ ಒಂದೇ. ಇಷ್ಟು ದೊಡ್ಡ ಬಾಗಿಲನ್ನು ಇಷ್ಟು ಸಣ್ಣ ಕೆಲಸಕ್ಕೆ ಯಾರೂ ತಟ್ಟುವುದಿಲ್ಲ. ತಮ್ಮನೂ ತಟ್ಟಲಿಲ್ಲ. ನಮ್ಮ ಬೀದಿಯಲ್ಲಿ ಹಿತ್ತಿಲಿನ ಬಚ್ಚಲಿಗೋ ಸೌದೆ ಕೊಟ್ಟಿಗೆಗೋ ಮಂಜೂರಾತಿ ಪಡೆದವರು ನನಗೆ ತಿಳಿದಂತೆ ಒಬ್ಬರೂ ಇಲ್ಲ.

ಹಾಗೆಂದು ನಮ್ಮವರಿಗೆ ಅಳತೆಯ ಶಿಸ್ತು ಇಲ್ಲವೆನ್ನುವಂತಿಲ್ಲ. ನನ್ನ ತಮ್ಮ ಶೆಡ್ಡಿಗೂ ಆಯ, ಅಂದರೆ ಶುಭವೆನ್ನುವ ಅಳತೆಯ ಲೆಕ್ಕ, ನೋಡಿಸಿದ. ಆಯ ಕೂಡಿಬರಲಿ ಎಂದು ಒಳ ಅಳತೆಯಲ್ಲಿ ಎರಡು ಅಂಗುಲ ಕಡಿಮೆ ಮಾಡಿದರು, ಈಶಾನ್ಯ ಮೂಲೆ ಖಾಲಿ ಬಿಟ್ಟರು, ಗುದ್ದಲಿ ಪೂಜೆ ಮಾಡಿ ಪಾಯ ತೆಗೆದರು. ಈಶಾನ್ಯಕ್ಕೆ ಮೂರಡಿ ಬಿಡಲು ಮೇಸ್ತ್ರಿ ಹೇಳಿದರೆ ಮರುಮಾತಿಲ್ಲ. ಪಾಲಿಕೆಯವರು ಸೆಟ್‌ಬ್ಯಾಕ್ ಎಂದು ಗಡಿಯಿಂದ ಅಷ್ಟೇ ಜಾಗ ಬಿಡಲು ಹೇಳಿದರೆ ಅದು ಸರ್ಕಾರದ ಕಿರುಕುಳ.

ನನ್ನ ಐದು ತಿಂಗಳ ಕಥೆಯನ್ನು ಪೂರ್ತಿ ಹೇಳುವುದಿಲ್ಲ. ಎರಡು ಸಂಗತಿಗಳು ಮಾತ್ರ ಮನಸ್ಸಿನಲ್ಲಿ ನಿಂತಿವೆ. ಮೊದಲನೆಯದು ಅಗೆಯುವ ಮುಂಚಿನದು. ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ದೂರವಾಣಿ ಸಂಖ್ಯೆ ದೇಶಕ್ಕೆಲ್ಲ ಇದೆ. ಗುದ್ದಲಿ ಹಾಕುವ ಕೆಲವು ದಿನ ಮೊದಲು ಕರೆ ಮಾಡಿದರೆ ನೆಲದಡಿಯ ಮಾರ್ಗಗಳ ಒಡೆಯರು ಬಂದು ತಮ್ಮ ತಮ್ಮ ಕೊಳವೆ, ತಂತಿಗಳು ಎಲ್ಲಿ ಹಾಯುತ್ತವೆ ಎಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ, ಬಿಟ್ಟಿಯಾಗಿ. ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ದೂರವಾಣಿಗೆ ಕಿತ್ತಳೆ. ಆ ಫೋಟೊ ಕಳಿಸಿದಾಗ ತಮ್ಮ “ಹೋಳಿ ಆಡೀಯೇನು?” ಎಂದು ಕೇಳಿದ. ಅದೇ ವಾರ ಅವನ ಹಿತ್ತಿಲಿನಲ್ಲಿ ಪಾಯ ತೆಗೆಯುವವನ ಹಾರೆ ನಲ್ಲಿ ಪೈಪಿಗೆ ತಾಗಿ, ಮನೆಯವರೆಲ್ಲ ಎರಡು ದಿನ ಎದುರು ಮನೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತರು. ಆ ಪೈಪು ಹಾಕಿಸಿದ್ದವರು ನಮ್ಮ ತಂದೆ. ಅದು ಎಲ್ಲಿ ಹಾಯುತ್ತದೆಂದು ಅವರೊಬ್ಬರಿಗೇ ಗೊತ್ತಿತ್ತು, ಅವರು ಈಗ ಇಲ್ಲ. ಭಾರತದಲ್ಲೂ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂದಿದೆ. ಅದರ ಮುಖ್ಯ ಉದ್ದೇಶ ರಸ್ತೆ ಅಗೆಯುವ ಸಂಸ್ಥೆಗಳಿಂದ ಕೇಬಲ್‌ಗಳನ್ನು ಉಳಿಸುವುದು. ವಿನೋಬನಗರದ ಹಿತ್ತಿಲಿನವರೆಗೆ ಅದು ಬರಲು ಇನ್ನೂ ಕಾಲ ಬೇಕಾದೀತು.

ಎರಡನೆಯದು ನನ್ನದೇ ತಪ್ಪು. ಮನೆಯಿಂದ ಶೆಡ್ಡಿಗೆ ವಿದ್ಯುತ್ ಒಯ್ಯಲು ಪಿವಿಸಿ ಕೊಳವೆಯನ್ನು ನೆಲದಡಿ 18 ಅಂಗುಲ ಆಳದಲ್ಲಿ ಹೂಳಬೇಕು, ಮತ್ತು ಕಾಲುವೆ ಮುಚ್ಚುವ ಮೊದಲು ಪರಿವೀಕ್ಷಕರಿಗೆ ತೋರಿಸಬೇಕು. ಮಳೆ ಬರುವಂತಿದೆ ಎಂದು ನಾನು ಭಾನುವಾರ ಸಂಜೆಯೇ ಮಣ್ಣು ಎಳೆದುಬಿಟ್ಟೆ. ಸೋಮವಾರ ಬಂದ ಪರಿವೀಕ್ಷಕ ಸಮತಟ್ಟಾದ ನೆಲವನ್ನು ನೋಡಿ, ಜಗಳವಿಲ್ಲದೆ, ಬೈಗುಳವಿಲ್ಲದೆ, ಪರಿವೀಕ್ಷಣೆಯ ಕಾರ್ಡಿನಲ್ಲಿ ‘ಅನುತ್ತೀರ್ಣ’ ಎಂದು ಬರೆದು ಹೊರಟ. 40 ಅಡಿ ಕಾಲುವೆಯನ್ನು ಮತ್ತೆ ಕೈಯಿಂದ ಬಗೆದೆ. ಬಗೆಯುವಾಗ ಒಂದು ಕಡೆ ಕೊಳವೆ ಕೇವಲ 13 ಅಂಗುಲ ಆಳದಲ್ಲಿರುವುದು ಕಂಡಿತು. ಕೆಳಗೆ ಬೇರು ಸಿಕ್ಕಿದ್ದರಿಂದ ನಾನೇ ಅಲ್ಲಿ ಮೇಲೆತ್ತಿ ಮರೆತಿದ್ದೆ. ಮುಂದೊಂದು ದಿನ ಹೂವಿನ ಗಿಡ ನೆಡಲು ಹೆಂಡತಿ ಸಲಿಕೆ ಹಾಕುವ ಜಾಗವೇ ಅದು.

ತಮ್ಮನ ವಿದ್ಯುತ್ ಕೆಲಸವನ್ನು ಮಾಡಿದವರು ಬಡಾವಣೆಯ ಹಳೆಯ ಎಲೆಕ್ಟ್ರಿಷಿಯನ್. ಅವರು ಅರ್ಥಿಂಗ್ ಗುಂಡಿಯನ್ನು ಆಳವಾಗಿ ತೋಡಿಸಿ, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಎಂದು ತುಂಬಿಸಿ, ನೀರು ಹುಯ್ಯಲು ಕೊಳವೆ ಬಿಟ್ಟು, ಮೀಟರ್ ಹಿಡಿದು ನೋಡಿ ಸಮಾಧಾನವಾದ ಮೇಲೆಯೇ ಹೋದರು. ಯಾವ ಕಾರ್ಡಿನ ಸಹಿಗೂ ಕಡಿಮೆಯಿಲ್ಲದ ಕೆಲಸ ಅದು. ಆದರೆ ಅವರು ಬರದೆ ಬೇರೊಬ್ಬರು ಬಂದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ನೆರೆಯವರ ವಿಷಯದಲ್ಲಿ ಎರಡು ದೇಶಗಳ ದಾರಿ ಪೂರಾ ಬೇರೆ. ಅಲ್ಲಿ ನನ್ನ ಊರಿನ ನಿಯಮ ಗಡಿಯಿಂದ ಐದು ಅಡಿ ಬಿಡಬೇಕೆನ್ನುತ್ತದೆ. ಬೇಲಿಯೇ ಗಡಿ ಎಂದುಕೊಂಡಿದ್ದ ನನಗೆ ಸರ್ವೆ ನಕ್ಷೆ ನೋಡಿದಾಗ ಬೇಲಿ ಗಡಿಯಾಚೆ ಒಂದು ಗೇಣು ಹೋಗಿರುವುದು ಗೊತ್ತಾಯಿತು. ನಮ್ಮ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ’ ಎಂದು ಬರೆಯುವ ಪದ್ಧತಿಯಲ್ಲೂ ಇಂಥದ್ದು ಆಗುತ್ತದೆ, ಆದರೆ ಅದು ಹೊರಬೀಳುವುದು ವ್ಯಾಜ್ಯ ಬಂದಾಗ. ಭಾರತದ 1882ರ ಅನುಭೋಗ ಹಕ್ಕುಗಳ ಕಾಯಿದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ ಅನುಭವಿಸಿದ ಗಾಳಿ, ಬೆಳಕು ನೆರೆಯವನ ಹಕ್ಕಾಗುತ್ತದೆ. ಅಮೆರಿಕದ ನ್ಯಾಯಾಲಯಗಳು ಇಂಗ್ಲೆಂಡಿನಿಂದ ಬಂದ ಆ ತತ್ವವನ್ನು ಒಪ್ಪಲಿಲ್ಲ. ಬೆಳಕು ಬೇಕಿದ್ದರೆ ಸೆಟ್‌ಬ್ಯಾಕ್ ಮೂಲಕ ಮೊದಲೇ ಬಿಡಿಸಿಕೊಳ್ಳಬೇಕು. ಅಲ್ಲಿ ಜಗಳ ನಕ್ಷೆಯ ಮೇಲೆಯೇ ಮುಗಿಯುತ್ತದೆ, ಇಲ್ಲಿ ಗೋಡೆ ಎದ್ದ ಮೇಲೆ ಶುರುವಾಗುತ್ತದೆ.

ತಮ್ಮನಿಗೂ ಶುರುವಾಯಿತು. ಮೊದಲ ಮಳೆಗೇ ಪಕ್ಕದ ಮನೆಯ ಹಿರಿಯರು ಬಂದು “ತಮ್ಮಾ, ನಿನ್ನ ಸೂರಿನ ನೀರೆಲ್ಲ ನಮ್ಮ ಗ್ವಾಡೆಗೆ ಬೀಳ್ತೈತಿ, ನೋಡು ಬಾ” ಎಂದರು. ತಕರಾರು ಅರ್ಜಿ ಕೊಟ್ಟಿದ್ದರೆ ಮಂಜೂರಾತಿಯಿಲ್ಲದ ಶೆಡ್ಡು ಉಳಿಯುತ್ತಿರಲಿಲ್ಲ, ಅದು ಇಬ್ಬರಿಗೂ ತಿಳಿದಿತ್ತು. ಅವರು ಕೊಡಲಿಲ್ಲ. ಜಗಲಿಯ ಮೇಲೆ ಚಹಾ ಕುಡಿಯುತ್ತ ಶೀಟನ್ನು ಒಂದಡಿ ಕತ್ತರಿಸಿ ಮಳೆನೀರಿನ ದೋಣಿ ಹಾಕಿಸುವುದು, ರಾತ್ರಿ ಎಂಟರ ಮೇಲೆ ಸುತ್ತಿಗೆ ಸದ್ದು ಮಾಡದಿರುವುದು ಎಂದು ತೀರ್ಮಾನವಾಯಿತು. ಇದು ನಮ್ಮೂರಿನ ದೊಡ್ಡತನ ಎಂದು ಹೇಳಿಕೊಳ್ಳಲು ನನಗೂ ಆಸೆಯೇ. ಆದರೆ ನೆರೆಯವರು ಒಳ್ಳೆಯವರಾಗಿದ್ದಾಗ ಮಾತ್ರ ನಿಲ್ಲುವ ಶೆಡ್ಡು ಅದು. ಅವರ ಮಕ್ಕಳು ನಾಳೆ ಆ ಮನೆಯನ್ನು ಮಾರಿದರೆ, ಹೊಸಬರ ಕೈಗೆ ನಿಯಮವೇ ಒಂದು ದೊಣ್ಣೆಯಾಗಿ ಸಿಗುತ್ತದೆ.

ಅಕ್ರಮ-ಸಕ್ರಮ ಈ ದೊಣ್ಣೆಯನ್ನು ಇಳಿಸಬಹುದು ಎಂಬ ಆಸೆ ಒಂದು ಕಾಲಕ್ಕೆ ಇತ್ತು. ಮನೆಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಅದು ಮೊದಲಿಂದಲೂ ತಪ್ಪು ಔಷಧ. ಅರ್ಧ ಸೆಟ್‌ಬ್ಯಾಕ್ ನುಂಗಿದ ದೊಡ್ಡ ಕಟ್ಟಡಕ್ಕೂ ಹಿತ್ತಿಲಿನ ತಗಡಿಗೂ ಅದು ಒಂದೇ ಕ್ಷಮೆ ಹಂಚಲು ಹೊರಟಿತ್ತು. ಬೇಕಾಗಿರುವುದು ಕಟ್ಟಿದ ಮೇಲಿನ ಕ್ಷಮೆಗಿಂತ ಕಟ್ಟುವ ಮೊದಲಿನ ಒಂದು ಸಾಲು: ಇಷ್ಟು ಅಳತೆಯೊಳಗೆ, ಗಡಿಯಿಂದ ಇಷ್ಟು ದೂರದಲ್ಲಿ, ಸೂರಿನ ನೀರು ನಿನ್ನ ಜಾಗದಲ್ಲೇ ಬೀಳುವಂತೆ ಕಟ್ಟಿಕೊಂಡರೆ ನಮ್ಮನ್ನು ಕೇಳಬೇಡ. ಆ ಸಾಲಿದ್ದರೆ ತಮ್ಮ ಮೂರಡಿ ಬಿಡುತ್ತಿದ್ದ, ಅದು ನನಗೆ ಖಾತ್ರಿ. ಕೇಳುವುದಕ್ಕೆ ಹೋಗುವ ತಾಪತ್ರಯ ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಬಿಡುತ್ತಿದ್ದ.

ಅಲ್ಲಿಂದ ತರಬಾರದ್ದೂ ಒಂದಿದೆ. ವಸತಿ ಬೇರೆ, ಕಸುಬು ಬೇರೆ ಎಂದು ಊರನ್ನು ಗೆರೆ ಹಾಕಿ ಹಂಚುವ ಅಧಿಕಾರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದರ ಫಲವಾಗಿ ನನ್ನ ಶೆಡ್ಡಿನಲ್ಲಿ ನಾನು ಕುರ್ಚಿ ಮಾಡಬಹುದು. ಕುರ್ಚಿ ಮಾಡಿ ಮಾರುವ ವ್ಯಾಪಾರ ನಡೆಸಹೊರಟರೆ ಫಲಕ, ಗಿರಾಕಿ, ಆಳು ಎಂದು ಒಂದೊಂದಕ್ಕೂ ಮಿತಿ ಎದುರಾಗುತ್ತದೆ. ಈ ಅಳತೆಗೋಲನ್ನು ಹಿಡಿದು ಹೊರಟರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳೂ ಮೊಳಕಾಲ್ಮೂರಿನಲ್ಲಿ ನಡುಮನೆಯಲ್ಲೇ ರೇಷ್ಮೆ ಸೀರೆ ನೇಯುವ ಮಗ್ಗಗಳೂ ಒಂದು ದಿನ ನಿಲ್ಲಲಾರವು. ಭಟ್ಟಿಯ ಹೊಗೆ ಸುತ್ತಲಿನವರಿಗೆ ಹಿತವಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಮಗ್ಗದ ಸದ್ದು, ವೈಂಡಿಂಗ್ ವಾರ್ನಿಶ್ಶಿನ ವಾಸನೆ ಆ ಮಟ್ಟದವಲ್ಲ. ವಸತಿ ವಲಯದಲ್ಲೂ ಅಶ್ವಶಕ್ತಿಯ ಮಿತಿಯೊಳಗಿನ ಸಣ್ಣ ಗೃಹಕೈಗಾರಿಕೆಗೆ ಜಾಗ ಕೊಡುವ ಗುಣ ನಮ್ಮ ವಲಯ ನಿಯಮಗಳಲ್ಲಿದೆ, ಅದು ಉಳಿಯಲಿ.

ಈಗ ತಮ್ಮನಿಗೆ ಹೊಸ ಕಗ್ಗಂಟು ಬಂದಿದೆ. ಮನೆಯ ಮೀಟರಿನಿಂದ ಕಸುಬು ನಡೆಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ, ಸಿಕ್ಕಿಬಿದ್ದರೆ ಎರಡು ಪಟ್ಟು ದರ. ಆ ಭಯಕ್ಕೆ ಅವನು ಶೆಡ್ಡಿನಲ್ಲಿ ದೀಪ, ಫ್ಯಾನು ಮಾತ್ರ ಹಾಕಿಕೊಂಡು ತಂತಿ ಸುತ್ತುತ್ತಾನೆ. ಮೋಟಾರು ಓಡಿಸಿ ನೋಡಲು ಪಿ.ಬಿ. ರಸ್ತೆಯ ಗೆಳೆಯನ ಅಂಗಡಿಗೆ ಹೊತ್ತೊಯ್ಯುತ್ತಾನೆ. ಬೇರೆ ಮೀಟರು ಹಾಕಿಸೋಣವೆಂದರೆ, ಮಂಜೂರಾದ ನಕ್ಷೆಯಂತೆಯೇ ಕಟ್ಟಿದೆ ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮತ್ತು ನಮ್ಮ ಮನೆಯ ಮಂಜೂರಾದ ನಕ್ಷೆಯಲ್ಲಿ ಹಿತ್ತಿಲು ಖಾಲಿಯಾಗಿದೆ. ಹೋದ ವಾರ ಅವನೇ ಫೋನ್ ಮಾಡಿ ಶೆಡ್ಡಿನ ನಕ್ಷೆ ಬರೆದುಕೊಡಲು ಕೇಳಿದ, ಈ ಸಲ ನಗಲಿಲ್ಲ. ಟೇಪು ಹಿಡಿದು ಅಳೆದು ಹೇಳಿದ ಲೆಕ್ಕದಲ್ಲಿ ಪೂರ್ವದ ಗಡಿಯಿಂದ ಒಂದಡಿ ನಾಲ್ಕು ಅಂಗುಲ ಮಾತ್ರ ಇದೆ. ನಾನು ಇದ್ದದ್ದನ್ನು ಇದ್ದಂತೆಯೇ ಬರೆದು ಕಳಿಸಿದ್ದೇನೆ. ಎಂಜಿನಿಯರು ಅದಕ್ಕೆ ಸಹಿ ಹಾಕುವ ಮೊದಲು ಪೂರ್ವದ ಕಂಬಗಳನ್ನು ಕಿತ್ತು ಒಳಗೆ ಸರಿಸಬೇಕಾದೀತು ಎಂದು ಮೇಸ್ತ್ರಿ ಹೇಳಿದ್ದಾರಂತೆ. ಹಾಗೆ ಸರಿಸಿದರೆ ಆಯ ತಪ್ಪುತ್ತದೆ ಎಂಬುದು ಸದ್ಯಕ್ಕೆ ತಮ್ಮನ ಚಿಂತೆ.