ಅಪಾಯಕಾರಿ ವಸ್ತು: ಇಲ್ಲ

ಮಂಡ್ಯದ ಕಡೆ ಹಳೇ ಸರ್ಕಾರಿ ಕಟ್ಟಡ ಕೆಡವುವಾಗ ಮೊದಲು ಬರುವುದು ಬೂದುಗುಂಬಳಕಾಯಿ, ಆಮೇಲೆ ಜೆಸಿಬಿ, ಕಟ್ಟಕಡೆಗೆ ಪರಿಸರ. ಪರಿಸರ ಬರುವುದು ಹಸಿರು ಬಟ್ಟೆಯ ರೂಪದಲ್ಲಿ. ಅದನ್ನೂ ರಸ್ತೆ ಕಡೆಗಷ್ಟೇ ಕಟ್ಟುತ್ತಾರೆ. ಹಿಂದಿನ ಬೀದಿಯವರ ಶ್ವಾಸಕೋಶಕ್ಕೆ ಟೆಂಡರಿನಲ್ಲಿ ಬಾಬ್ತು ಇರುವುದಿಲ್ಲ.

ಕಡತ ಮಾತ್ರ ಅಚ್ಚುಕಟ್ಟು. 'ಅಪಾಯಕಾರಿ ವಸ್ತುಗಳು' ಎಂಬ ಕಾಲಂನಲ್ಲಿ ದುಂಡಗೆ 'ಇಲ್ಲ' ಎಂದು ಬರೆದಿರುತ್ತದೆ. ಬರೆದವರು ಕಟ್ಟಡದೊಳಗೆ ಕಾಲಿಟ್ಟಿಲ್ಲ. ಶಿಥಿಲವಾಗಿದೆ, ಒಳಗೆ ಹೋಗುವುದು ಅಪಾಯ ಎಂದು ಮುಂದಿನ ಪುಟದಲ್ಲಿ ಅವರೇ ಷರಾ ಹಾಕಿದ್ದಾರೆ.

ಹೋಗಿದ್ದರೆ ಸಿಗುತ್ತಿದ್ದುದು ಇಷ್ಟು: ಮೇಲೆ ಕಲ್ನಾರಿನ (ಆಸ್ಬೆಸ್ಟಾಸ್) ಸಿಮೆಂಟ್ ಶೀಟು, ಮೂಲೆಯಲ್ಲಿ ಅದೇ ಮಾಲಿನ ಮಳೆನೀರು ಪೈಪು. ಕಿಟಕಿಗಳ ಮೇಲೆ ಪದರ ಪದರ ಹಳೇ ಎನಾಮಲ್, ಅದರಲ್ಲಿ ಸೀಸ (ಮನೆ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಎಂಬ ಮಿತಿ ಜಾರಿಗೆ ಬಂದದ್ದೇ 2017ರಲ್ಲಿ). ಟ್ಯೂಬ್‌ಲೈಟಿನಲ್ಲಿ ಪಾದರಸ, ಸಾಹೇಬರ ಕೋಣೆಯ ಹಳೇ ಏಸಿಯಲ್ಲಿ ಓಜೋನ್ ಪದರ ತಿನ್ನುವ ಆರ್-22 ಅನಿಲ, ಅಟ್ಟದಲ್ಲಿ ಒಣಗಿದ ಪಾರಿವಾಳದ ಹಿಕ್ಕೆ, ಹಿತ್ತಲಲ್ಲಿ ಎಲ್ಲರೂ ಮರೆತ ಶೌಚಗುಂಡಿ.

ಶೀಟಿನ ವಿಷಯ ಎತ್ತಿದರೆ ಕಂಟ್ರಾಕ್ಟರ್ ನಗುತ್ತಾರೆ: "ಬುಡಿ ಸಾ, ನಮ್ ತಾತನ ಕಾಲ್ದಿಂದ ಇದರ ಕೆಳ್ಗೇ ಮಲ್ಗಿಲ್ವಾ?" ಮಲಗಬಹುದು. ಒಡೆಯದೆ ಸುಮ್ಮನೆ ಬಿದ್ದಿರುವ ಶೀಟಿನಿಂದ ತಾಪತ್ರಯ ಕಡಿಮೆ. ಮುರಿದಾಗ, ಕೊರೆದಾಗ, ಗುಡಿಸಿದಾಗ ಕಣ್ಣಿಗೆ ಕಾಣದ ಎಳೆ ಏಳುತ್ತದೆ. ಅದು ಶ್ವಾಸಕೋಶ ಸೇರಿದರೆ ಕಾಯಿಲೆ ತಲೆ ಎತ್ತಲು 20-40 ವರ್ಷ ಬೇಕು. ಅಷ್ಟರಲ್ಲಿ ಕಂಟ್ರಾಕ್ಟರ್ ಎಂಎಲ್ಸಿ ಆಗಿರುತ್ತಾರೆ.

ಸರಿಯಾದ ಕ್ರಮದಲ್ಲಿ ಮೊದಲು ಕರೆಂಟ್ ಕಟ್ ಆಗಬೇಕು. ಆಮೇಲೆ ಶೀಟಿಗೆ ನೀರು, ಅದಕ್ಕೊಂದಿಷ್ಟು ಸೋಪು. ಬರೀ ನೀರು ಜಾರಿಹೋಗುತ್ತದೆ, ಸೋಪಿದ್ದರೆ ಇಂಗುತ್ತದೆ. ಶೀಟನ್ನು ತೊಲೆಗೆ ಬಿಗಿದ, ತುಕ್ಕು ಹಿಡಿದ ಜೆ-ಬೋಲ್ಟನ್ನು ಬೋಲ್ಟ್ ಕಟರಿನಲ್ಲಿ ಕತ್ತರಿಸಬೇಕು, ಗ್ರೈಂಡರ್ ಮುಟ್ಟಿಸಕೂಡದು. ಶೀಟಿನ ಮೇಲೆ ನೇರ ಕಾಲಿಟ್ಟರೆ ಆಳು ಶೀಟಿನ ಸಮೇತ ಕೆಳಗೆ, ಆದ್ದರಿಂದ ಹಲಗೆ ಹಾಸಿಕೊಂಡು ನಡೆಯಬೇಕು. ಇಡೀ ಶೀಟನ್ನು ಇಬ್ಬರು ಹಿಡಿದು ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಾಕಿ, ಮೇಲೆ 'ಕಲ್ನಾರು' ಎಂದು ಬರೆದು, ಅಪಾಯಕಾರಿ ತ್ಯಾಜ್ಯಕ್ಕೆಂದೇ ಅನುಮತಿ ಪಡೆದ ಜಾಗಕ್ಕೆ ಕಳಿಸಬೇಕು. ಉಳಿದ ಚೂರಿಗೆ ಒದ್ದೆ ಬಟ್ಟೆ, ಪೊರಕೆಯಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ-3 ದರ್ಜೆಯ ಮಾಸ್ಕು; ಗಡ್ಡ ಬಿಟ್ಟವರಿಗೆ ಅದೂ ಸೋರುತ್ತದೆ. ಟವಲ್ಲು ಕಟ್ಟಿಕೊಂಡರೆ ಬೆವರು ಒರೆಸಲು ಅನುಕೂಲ, ಅಷ್ಟೇ.

ನಮ್ಮಲ್ಲಿ ಗಟ್ಟಿ ಶೀಟು ದನದ ಕೊಟ್ಟಿಗೆಗೆ ಮಾರಾಟ, ಮಿಕ್ಕದ್ದು ಜೆಸಿಬಿ ಬಕೆಟ್ಟಿಗೆ. ಪುಡಿಯನ್ನು ಹೆಣ್ಣಾಳುಗಳು ಒಣಪೊರಕೆಯಲ್ಲಿ ಗುಡಿಸುತ್ತಾರೆ. ನೀರಿನ ಟ್ಯಾಂಕರ್ ಬರುವುದು ಇಂಜಿನಿಯರ್ ಸಾಹೇಬರ ಫೋಟೋಕ್ಕೆ. ಅವಶೇಷ ಮಂಡ್ಯದಲ್ಲಾದರೆ ಕೆರೆ ಅಂಗಳಕ್ಕೆ. ಮೈಸೂರಾದರೆ ರಿಂಗ್ ರಸ್ತೆ ಬದಿಗೆ; 2016ರಲ್ಲಿ ದೇಶಕ್ಕೇ ಸ್ವಚ್ಛ ನಗರ ಅನ್ನಿಸಿಕೊಂಡ ಊರು, ಎಸೆಯುವುದನ್ನೂ ಸಾಲಾಗಿ ಎಸೆಯುತ್ತಾರೆ.

ಅದೇ 2016ರ ಕಟ್ಟಡ ತ್ಯಾಜ್ಯ ನಿಯಮದಲ್ಲಿ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಅವಶೇಷ ಬಂದರೆ ಬೇರ್ಪಡಿಸಿ, ಯೋಜನೆ ಬರೆದು ಒಪ್ಪಿಗೆ ಪಡೆಯಬೇಕೆಂದಿತ್ತು. ಗುಮಾಸ್ತರು ಲೆಕ್ಕ ಹಾಕಿ ದಿನಕ್ಕೆ ಒಂಬತ್ತು ಟನ್ನಿನಂತೆ ಬರೆದಿಟ್ಟರು. ಈ ಲೆಕ್ಕ ಜೆಸಿಬಿಯವನಿಗೆ ಹೇಳಲು ಮರೆತರು. ಅವನು ಒಂದೇ ರಾತ್ರಿಯಲ್ಲಿ ಎಲ್ಲ ನೆಲಸಮ ಮಾಡಿ ಮನೆಗೆ ಹೋದ. ರಿಜಿಸ್ಟರ್ ಪ್ರಕಾರ ಕಟ್ಟಡ ಇನ್ನೂ ಮೂರು ತಿಂಗಳು ನಿಂತಿರುತ್ತದೆ.